ಅಮ್ಮನ ಎಡಗಡೆ

ಭಾನುವಾರ, ಬೆಳಗ್ಗೆ

ಪ್ರೀತಿಯ ಅಕ್ಕಾ,

ಫೋನು ಪಕ್ಕದಲ್ಲೇ ಇದೆ. ಆದರೂ ಕಾಗದ ಬರೆಯಲು ಕೂತಿದ್ದಾಳಲ್ಲ, ಇವಳಿಗೇನು ಹುಚ್ಚು ಹಿಡಿಯಿತಾ ಅಂತ ನೀನು ನಗಬಹುದು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ನೀನು ಆ ಕಡೆಯಿಂದ "ಗಟ್ಟಿಯಾಗಿ ಹೇಳೇ" ಅಂದರೆ ಇದ್ದ ಮಾತೂ ಗಂಟಲಿಗೆ ವಾಪಸು ಹೋಗುತ್ತದೆ. ನನಗೆ ಪಿಸು ಅಂತ ಹೆಸರಿಟ್ಟವಳೇ ನೀನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ತಪ್ಪು ಕಂಡರೆ ನೀನೇ ಸರಿಮಾಡಿಕೊಂಡು ಓದು.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಗುರುವಾರದ್ದೇ ಜಪ. ಆಪರೇಷನ್ ದಿನಕ್ಕೆ ಅಂತ ಮುಂದೆ ಗುಂಡಿ ಇರುವ ಅಂಗಿ ಹೊಲಿಸಿಕೊಂಡಿದ್ದಾಳೆ. ತಲೆಯ ಮೇಲಿಂದ ಎಳೆದರೆ ಕಣ್ಣಿಗೆ ತಾಗುತ್ತದೆ ಅಂತ ನೀನು ಹೇಳಿದ್ದೆಯಲ್ಲ, ಅದಕ್ಕೆ. ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದು ಕೇಳಿದರೂ ಸಾಕು, ಬಾಗಿಲು ತೆರೆದು ನಿಂತು, "ನನ್ನ ಹೊಟ್ಟೇಲಿ ಹುಟ್ಟಿದೋಳೇ ನನ್ನ ಕಣ್ಣು ತೆರೆಸ್ತಾಳೆ, ನೋಡ್ತಿರಿ" ಅನ್ನುತ್ತಾಳೆ. ಕೆಳಮನೆಯ ತಾತ ನಿನ್ನೆ, "ತೆರೆಸಿಕೊಳ್ಳಮ್ಮ, ಆಮೇಲೆ ನಿಮ್ಮನೆ ಮೂಲೇಲಿರೋ ಜೇಡರ ಬಲೆಯೆಲ್ಲ ಕಂಡು ಚಿಕ್ಕೋಳಿಗೆ ಬೈಗುಳ ಶುರುವಾಗುತ್ತೆ" ಅಂದರು. ಅಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಚೆನ್ನಾಗಿದ್ದೇವೆ ಅಂತ ಬರೆದೆನಲ್ಲ, ಅದು ಸುಳ್ಳು ಅಕ್ಕಾ. ನನಗೆ ಭಯವಾಗುತ್ತಿದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿ ಬಟ್ಟೆಯೊಳಗೆ ಇಳಿಯುವುದನ್ನು ನೋಡಲಾಗುತ್ತಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಪೆಡಲ್ ತುಳಿಯುತ್ತೇನೆ. ಹೊಲಿದ ಮಾಸ್ಕುಗಳೆಲ್ಲ ಸೊಟ್ಟಗಾಗಿವೆ.

ನಿನ್ನ ಮೇಲೆ ನಂಬಿಕೆ ಇಲ್ಲದೆ ಬರೆಯುತ್ತಿಲ್ಲ. ನೀನು ಪಟ್ಟ ಪಾಡು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಣ್ಣಿನ ಡಾಕ್ಟರಾಗುವ ಓದಿಗೆ ಸೇರಿದಾಗ, ಮೊದಲ ವರ್ಷ ಬರೀ ನೋಡುವುದು, ಎರಡನೇ ವರ್ಷದಿಂದ ಕೈಯಾರೆ ಮಾಡುವುದು ಅಂದಿದ್ದೆ. ಆ ಎರಡನೇ ವರ್ಷ ಬರುವಷ್ಟರಲ್ಲಿ ಈ ಮಹಾಮಾರಿ ಬಂತು. ಕಣ್ಣಿನ ಆಪರೇಷನ್ ಥಿಯೇಟರಿಗೆ ಬೀಗ ಬಿತ್ತು. ನಿಮ್ಮನ್ನೆಲ್ಲ ಜ್ವರದ ವಾರ್ಡಿಗೆ ಹಾಕಿದರು. ಒಂದು ದಿನ ನೀನು ಫೋನಿನಲ್ಲಿ, "ಎಷ್ಟೋ ಜನ ನನ್ನೆದುರೇ ಕಣ್ಣು ಮುಚ್ಚಿದರು ಕಣೇ, ಒಬ್ಬರ ಕಣ್ಣನ್ನೂ ನಾನು ತೆರೆಸಲಿಲ್ಲ" ಅಂದೆ.

ಕೈ ಮರೆಯಬಾರದು ಅಂತ ಅಭ್ಯಾಸ ಮಾಡಲು ಮಾಂಸದಂಗಡಿಯಿಂದ ಆಡಿನ ಕಣ್ಣು ತರಿಸುತ್ತಿದ್ದಿರಿ. ಅಂಗಡಿ ಮುಚ್ಚಿದ ಮೇಲೆ ಅದೂ ನಿಂತುಹೋಯಿತು. ಕಾಯಿಲೆ ನಡುವೆ ಕಡಿಮೆಯಾದಾಗ ನೀನು ಮನೆಗೆ ಬಂದಿದ್ದೆಯಲ್ಲ, ಆಗ ಬೆಳಗಿನಿಂದ ಸಂಜೆವರೆಗೆ ಕಿಟಕಿ ಹತ್ತಿರ ಟೊಮೆಟೊ ಹಣ್ಣು ಇಟ್ಟುಕೊಂಡು ಕೂರುತ್ತಿದ್ದೆ. ಬಗ್ಗಿಸಿದ ಸೂಜಿಯಿಂದ ಅದರ ಸಿಪ್ಪೆಯನ್ನು ದುಂಡಗೆ, ಒಂದೇ ಎಳೆತಕ್ಕೆ ಬಿಡಿಸಬೇಕು, ಒಳಗಿನ ತಿರುಳಿಗೆ ತಾಗಬಾರದು. ಕಣ್ಣಿನ ಮಸೂರದ ಮೇಲಿನ ತೆಳು ಪೊರೆಯೂ ಹಾಗೇ ಇರುತ್ತದೆ ಅಂತ ನನಗೆ ತೋರಿಸಿದ್ದೆ. ಅಮ್ಮ ಹಣ್ಣು ಎತ್ತಿಕೊಂಡು ಹೋಗುತ್ತಾ, "ಇವಳ ಪೇಷಂಟುಗಳನ್ನೆಲ್ಲ ಬೇಯಿಸಿ ಬಡಿಸೋ ಕರ್ಮ ನಂದು" ಅನ್ನುತ್ತಿದ್ದಳು. ಆಗ ಅವಳ ಎಡಗಣ್ಣು ಚೆನ್ನಾಗಿತ್ತು. ಮೂಲೆಯಲ್ಲಿ ಬಿದ್ದ ಸಿಪ್ಪೆಯನ್ನೂ ಕಂಡು ಹೆಕ್ಕುತ್ತಿದ್ದಳು.

ಥಿಯೇಟರು ಮತ್ತೆ ತೆರೆದರೂ ನಿನ್ನ ಕಷ್ಟ ತೀರಲಿಲ್ಲ. ಜನ ಆಸ್ಪತ್ರೆಗೆ ಬರಲೇ ಹೆದರುತ್ತಾರೆ. ಬಂದವರು, "ಕಲಿಯೋರ ಕೈಗೆ ಮಾತ್ರ ಕೊಡಬೇಡಿ ಸ್ವಾಮಿ" ಅನ್ನುತ್ತಾರೆ. ಕೆಳಗಿನ ಕ್ಲಾಸಿನವರು ನಿಮಗೆ ಟೊಮೆಟೊ ಬ್ಯಾಚ್ ಅಂತ ಹೆಸರಿಟ್ಟಿದ್ದಾರೆ. ನಿಮ್ಮ ದೊಡ್ಡ ಡಾಕ್ಟರೋ, "ಒಂದಾದರೂ ಆಪರೇಷನ್ ಮೊದಲಿನಿಂದ ಕೊನೆವರೆಗೆ ನನ್ನೆದುರು ಮಾಡಿ ಮುಗಿಸದವರನ್ನು ನಾನು ಪರೀಕ್ಷೆಗೆ ಕೂರಿಸಲ್ಲ" ಅಂದುಬಿಟ್ಟರು. ಅವರದು ತಪ್ಪು ಅನ್ನುವುದು ಹೇಗೆ? ನಾಳೆ ನೀನು ಯಾವುದೋ ಊರಿನಲ್ಲಿ ಒಬ್ಬಳೇ ನಿಂತು ಮಾಡಬೇಕಲ್ಲ.

ಆಮೇಲೆ ಆ ಬಸ್ ಕಂಡಕ್ಟರ ವಿಷಯ. ನಿನ್ನ ಕೈಯಲ್ಲಿ ಅವರ ಕಣ್ಣಿನ ಮಸೂರದ ಹಿಂದಿನ, ಹರಿಯಲೇಬಾರದ ತೆಳು ಪೊರೆ ಹರಿಯಿತು. ದೊಡ್ಡ ಡಾಕ್ಟರು ನಿನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತು ಸರಿಮಾಡಿದರು. ಕಂಡಕ್ಟರಿಗೆ ದೃಷ್ಟಿ ಬಂತು ಅನ್ನುವುದೇ ಪುಣ್ಯ. ಅವತ್ತು ನೀನು ಅಳುತ್ತಾ, "ತಲೆಗೆ ಎಲ್ಲಾ ಗೊತ್ತಿದೆ ಪಿಸು, ಕೈಗೆ ಗೊತ್ತಿಲ್ಲ" ಅಂದೆ. ಅಮ್ಮ ನನ್ನ ಭುಜಕ್ಕೆ ಒರಗಿ ನಿಂತು ಎಲ್ಲಾ ಕೇಳಿಸಿಕೊಂಡಳು. ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಊರೋರ ಕಣ್ಣಿಗೆ ಯಾಕೆ ಕಾಯ್ತೀಯೇ? ಪೊರೆ ಬಂದಿರೋ ನನ್ನ ಕಣ್ಣಿಲ್ವಾ? ಹೊಟ್ಟೇಲಿದ್ದಾಗ ಒಂಬತ್ತು ತಿಂಗಳು ಒದ್ದಿದ್ದೀಯ, ಒಂದು ಸೂಜಿ ಚುಚ್ಚಿದರೆ ಸಾಯ್ತೀನಾ?" ಅಂದಳು. ಸ್ವಂತದವರ ಮೇಲೆ ಕೈ ಇಡಬಾರದು ಅನ್ನುವ ದೊಡ್ಡ ಡಾಕ್ಟರು ಕೂಡ, ಈ ವರ್ಷ ಯಾವ ನಿಯಮ ತಾನೇ ಉಳಿದಿದೆ ಅಂತ ಒಪ್ಪಿಕೊಂಡರು.

ಇಲ್ಲಿಯವರೆಗಿನದು ನಿನಗೆ ಗೊತ್ತಿರುವುದೇ. ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ.

ಥಿಯೇಟರು ತೆರೆಯುವುದಕ್ಕೂ ಮೊದಲು, ಕಾಯಿಲೆ ಎರಡನೇ ಸಲ ಜೋರಾದಾಗ, ನೀನು ವಾರ್ಡಿನಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ವಾರ್ಡಿಗೆ ಓಡಾಡುತ್ತಿದ್ದೆ. ಆಗ ಅಮ್ಮನ ಎಡಗಣ್ಣು ಕೆಂಡದ ಹಾಗೆ ಕೆಂಪಾಯಿತು. ಅರ್ಧ ತಲೆ ಸಿಡಿಯುತ್ತಿದೆ ಅಂತ ಗೋಡೆಗೆ ಹಣೆ ಒತ್ತಿ ಕೂರುತ್ತಿದ್ದಳು. ತಿಂದದ್ದೆಲ್ಲ ವಾಂತಿ. ನಮ್ಮ ಬೀದಿಯ ಎರಡೂ ತುದಿಗೆ ಅಡ್ಡಗಟ್ಟಿದ್ದರು. ಆಸ್ಪತ್ರೆಗೆ ಹೋದವರು ಹೆಣವಾಗಿ ಬರುತ್ತಿದ್ದ ಕಾಲ ಅದು. ನಿನಗೆ ಫೋನು ಮಾಡುತ್ತೇನೆ ಅಂದರೆ ನನ್ನ ಕೈ ಹಿಡಿದುಕೊಂಡಳು. "ಸಾಯೋರ ನಡುವೆ ನಿಂತಿದ್ದಾಳೆ ಮಗು. ನನ್ನ ಕಣ್ಣಿನ ಚಿಂತೆ ಅವಳ ತಲೆಗೆ ಹಾಕಿದರೆ ನನ್ನಾಣೆ" ಅಂದಳು. ಕೆಲವು ದಿನಗಳಲ್ಲಿ ನೋವು ತಾನಾಗಿಯೇ ನಿಂತಿತು. ವಾಸಿಯಾಯಿತು ಅಂತ ಇಬ್ಬರೂ ಖುಷಿಪಟ್ಟೆವು. ನೋವಿನ ಜೊತೆ ಕಣ್ಣೂ ಹೋಗಿದೆ ಅಂತ ನಮಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಕಿಟಕಿ ಹತ್ತಿರ ಕೂತು ಅವರೆಕಾಳಿನ ಹಾಗೆ ಗುಂಡಿಗಳನ್ನು ಬೇರೆ ಬೇರೆ ಮಾಡುತ್ತಿದ್ದಳು. ನಾನು ಅವಳ ಎಡಗಡೆಯಿಂದ ಬಂದು, ಪಕ್ಕದಲ್ಲೇ ನಿಂತು, ಲೋಟ ಮುಂದೆ ಹಿಡಿದೆ. ಅವಳು ತಿರುಗಲಿಲ್ಲ. ಲೋಟವನ್ನು ಅವಳ ಕೆನ್ನೆಯ ಹತ್ತಿರಕ್ಕೆ ತಂದೆ. ರೆಪ್ಪೆ ಕೂಡ ಅಲುಗಲಿಲ್ಲ. ಅಕ್ಕಾ, ಅವಳ ಎಡಗಣ್ಣು ತೆರೆದಿತ್ತು, ನನ್ನ ಕಡೆಗೇ ಇತ್ತು, ಆದರೂ ನಾನು ಆ ಕೋಣೆಯಲ್ಲಿ ಇರಲೇ ಇಲ್ಲ. ನೀರು ಚೆಲ್ಲಿತು. ಆಗ ಬೆಚ್ಚಿಬಿದ್ದು, "ದೆವ್ವದ ಹಾಗೆ ಬರ್ತೀಯಲ್ಲೇ" ಅಂತ ಬೈದಳು. ಆಮೇಲೆ ಮೆತ್ತಗೆ, "ಅವಳಿಗೆ ಹೇಳಬೇಡ" ಅಂದಳು. ಅವತ್ತಿನಿಂದ ನಾನು ಅಮ್ಮನ ಎಡಗಡೆ ಮಾತ್ರ ನಡೆಯುತ್ತೇನೆ. ರಸ್ತೆಯಲ್ಲಿ, ಮೆಟ್ಟಿಲಲ್ಲಿ, ಒಲೆಯ ಮುಂದೆ. ಆ ಕಡೆ ಅವಳಿಗೆ ಏನೂ ಇಲ್ಲ.

ಉಳಿದಿರುವುದು ಬಲಗಣ್ಣೊಂದೇ. ಅದಕ್ಕೂ ಪೊರೆ ಬೆಳೆದು ಮಂಜು ಕವಿದಿದೆ. ಗುರುವಾರ ನೀನು ಕೈ ಇಡುವುದು ಅದಕ್ಕೇ.

ಸೇರಿದ ಹೊಸದರಲ್ಲಿ ನೀನೇ ಹೆಮ್ಮೆಯಿಂದ ಹೇಳಿದ್ದೆ. ಒಂದೇ ಕಣ್ಣು ಉಳಿದವರನ್ನು ಕಲಿಯುವವರ ಕೈಗೆ ಎಂದಿಗೂ ಕೊಡುವುದಿಲ್ಲ, ಅವರನ್ನು ದೊಡ್ಡ ಡಾಕ್ಟರೇ ಮಾಡುತ್ತಾರೆ, ಅದು ನಿಮ್ಮಲ್ಲಿ ಮೀರಬಾರದ ಮಾತು ಅಂತ. ಅಮ್ಮನಿಗೂ ಅದು ನೆನಪಿದೆ. ಅದಕ್ಕೇ ಬಾಯಿ ಬಿಡುತ್ತಿಲ್ಲ. ಎಡಗಣ್ಣು ಹೋಗಿದೆ ಅಂತ ಗೊತ್ತಾದರೆ ನಿನ್ನ ಕೇಸು ತಪ್ಪಿಹೋಗುತ್ತದೆ, ಪರೀಕ್ಷೆ ತಪ್ಪಿಹೋಗುತ್ತದೆ. "ನನಗೆ ನೋಡೋದು ಇನ್ನೇನು ಉಳಿದಿದೆ? ಅವಳು ಡಾಕ್ಟರಾದರೆ ನಾನು ಕಂಡ ಹಾಗೇ" ಅನ್ನುತ್ತಾಳೆ. ಹಾಗೆ ಅಂದವಳೇ ಮೊನ್ನೆ ಮಧ್ಯಾಹ್ನ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದುಕೊಂಡು ನೋಡಿದಳು. "ಏನಮ್ಮಾ?" ಅಂದರೆ "ಏನಿಲ್ಲ, ಮಸಿ ಹತ್ತಿದೆ" ಅಂದಳು. ಮಸಿ ಹತ್ತಿರಲಿಲ್ಲ. ಅವಳಿಗೂ ಹೆದರಿಕೆ ಇದೆ ಅಕ್ಕಾ.

ಈಗ ಆ ವಿಡಿಯೋ ಫೋನಿನ ದಿನ. ಸೋಂಕು ಹರಡಬಾರದು ಅಂತ ಮೊದಲ ತಪಾಸಣೆಯನ್ನು ಫೋನಿನಲ್ಲೇ ಮಾಡಿದೆಯಲ್ಲ. ಅಮ್ಮನ ಬಲಗಣ್ಣು ಮುಚ್ಚಿಸಿ, ಪಿಸು ಎಷ್ಟು ಬೆರಳು ತೋರಿಸುತ್ತಿದ್ದಾಳೆ ಹೇಳು ಅಂದೆ. ಎರಡೇ ತೋರಿಸಬೇಕು ಅಂತ ಅಮ್ಮ ನನಗೆ ಮೊದಲೇ ಹೇಳಿಟ್ಟಿದ್ದಳು. ನಾನು ಎರಡು ತೋರಿಸಿದೆ. ಅವಳು "ಎರಡು" ಅಂದಳು. ನೀನು, ಇನ್ನೊಂದು ಸಲ, ಬೇರೆ ತೋರಿಸು ಅಂದೆ. ನಾಲ್ಕು ಬೆರಳು ಎತ್ತಿದೆ. ಅಮ್ಮ ಧೈರ್ಯವಾಗಿ "ಎರಡು" ಅಂದಳು. ಫೋನಿನಲ್ಲಿ ನಿನ್ನ ಮುಖ ಅಲ್ಲಾಡದೆ ನಿಂತುಬಿಟ್ಟಿತು. ಸಿಗ್ನಲ್ ಹೋಯಿತು ಅಂದುಕೊಂಡೆ. ಸಿಗ್ನಲ್ ಹೋಗಿರಲಿಲ್ಲ, ನಿನ್ನ ಹಿಂದೆ ಫ್ಯಾನು ತಿರುಗುತ್ತಿತ್ತು. ಆಮೇಲೆ ನೀನು, "ಸರಿ, ಎಡಗಣ್ಣು ಸಾಕು, ಬಲಗಣ್ಣು ನೋಡೋಣ" ಅಂದೆ.

ಅದರ ಬಗ್ಗೆ ನೀನು ನನ್ನನ್ನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಒಬ್ಬ ರೋಗಿಯನ್ನು ಒಬ್ಬರೇ ಡಾಕ್ಟರು ಹತ್ತಿರದಿಂದ ನೋಡುವ ಪದ್ಧತಿ ಮಾಡಿದ್ದಾರಂತೆ. ಅಮ್ಮನನ್ನು ನೋಡುವವಳು ನೀನೇ. ನೀನು ಹೇಳಿದ್ದನ್ನೇ ದೊಡ್ಡ ಡಾಕ್ಟರು ನಂಬುತ್ತಾರೆ. ಗುರುವಾರ ಇನ್ನೂ ನಿನ್ನದೇ ಆಗಿದೆ ಅಂದರೆ ನೀನು ಏನು ಹೇಳಿರಬಹುದು ಅಂತ ನನಗೆ ಯೋಚಿಸಲು ಭಯ.

ಸಿಗ್ನಲ್ ನಿಜವಾಗಿಯೂ ಹೋಗಿತ್ತು ಅಂತ ನೀನು ಹೇಳಿದರೆ ನಾನು ನಂಬುತ್ತೇನೆ. ಆದರೆ ಈಗ ನಾನು ಬರೆದು ಹೇಳಿಬಿಟ್ಟಿದ್ದೇನೆ. ಅಮ್ಮನಿಗೆ ಇರುವುದು ಒಂದೇ ಕಣ್ಣು. ಗುರುವಾರ ಬೇಡ ಅನ್ನು ಅಕ್ಕಾ. ಪರೀಕ್ಷೆ ಮುಂದಿನ ವರ್ಷ ಬರುತ್ತದೆ. ನಿನ್ನ ಕೈ ಒಂದು ಕೂದಲೆಳೆಯಷ್ಟು ಜಾರಿದರೆ ಅಮ್ಮ ಪೂರ್ತಿ ಕತ್ತಲಾಗುತ್ತಾಳೆ, ನೀನು ಜನ್ಮದಲ್ಲಿ ಮತ್ತೆ ಸೂಜಿ ಮುಟ್ಟುವುದಿಲ್ಲ. ಆಮೇಲೆ ಈ ಮನೆಯಲ್ಲಿ ಕಣ್ಣಿದ್ದವಳು ನಾನೊಬ್ಬಳೇ. ಇಬ್ಬರ ಎಡಗಡೆಯೂ ನಾನೊಬ್ಬಳು ಹೇಗೆ ನಡೆಯಲಿ?

ಅಮ್ಮ ಒಳಗಿನಿಂದ, "ಇಷ್ಟು ಹೊತ್ತಿಂದ ಏನೇ ಗೀಚ್ತಿದ್ದೀಯ?" ಅಂತ ಕೂಗುತ್ತಿದ್ದಾಳೆ. "ಅಂಗಿ ಅಳತೆ" ಅಂದೆ. "ಯಾರದೇ ಅದು, ಆನೇದಾ?" ಅಂದಳು. ಇಲ್ಲಿಗೆ ಮುಗಿಸುತ್ತೇನೆ.

ಬೈದರೂ ಬಿಟ್ಟರೂ ನಿನ್ನವಳೇ ಆದ
ಪಿಸು

ಇನ್ನೊಂದು ಮಾತು: ಈ ಲಕೋಟೆಯ ಮೇಲೆ ನಿನ್ನ ಹೆಸರಿಲ್ಲ ಅಕ್ಕಾ. ಮಂಗಳವಾರ ಅಮ್ಮನನ್ನು ಈ ಕಾಯಿಲೆಯ ಮೂಗಿನ ಟೆಸ್ಟಿಗೆ ಕರೆದುಕೊಂಡು ಬಂದಾಗ ನಿಮ್ಮ ದೊಡ್ಡ ಡಾಕ್ಟರ ಕೋಣೆಯ ಹೊರಗೆ ಕೂರುವ ನರ್ಸಿನ ಕೈಗೆ ಇದನ್ನು ಕೊಡುತ್ತೇನೆ. ದೊಡ್ಡ ಡಾಕ್ಟರು ಓದಿ ಆಮೇಲೆ ನಿನಗೆ ಕೊಡಲಿ. ನಿನಗೇ ಕೊಡಬೇಕು ಅಂತಲೇ ಬರೆಯಲು ಕೂತಿದ್ದೆ. ಬರೆದದ್ದನ್ನು ಓದಿಕೊಂಡಾಗ, ನೀನು ಇದನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು, ಅಳುತ್ತಾ ಅಳುತ್ತಾ ಥಿಯೇಟರಿಗೆ ಹೋಗಿಬಿಡುತ್ತೀಯ ಅನ್ನಿಸಿತು. ನೀನು ಕೆಟ್ಟವಳಲ್ಲ. ನನಗಿಂತ ಹೆಚ್ಚು ಹೆದರಿದ್ದೀಯ, ಅಷ್ಟೇ.

ಡಾಕ್ಟರೇ, ನಿಮ್ಮೆದುರು ನಿಂತರೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕನನ್ನು ಹೊರಗೆ ಹಾಕಬೇಡಿ. ಎರಡೂ ಕಣ್ಣಿರುವ ಯಾರನ್ನಾದರೂ ಅವಳಿಗೆ ಕೊಟ್ಟು, ಪಕ್ಕದಲ್ಲಿ ನಿಂತು ಕಲಿಸಿ. ಅಮ್ಮನ ಕಣ್ಣು ನೀವೇ ಮಾಡಿ. ಆದರೆ ಅಮ್ಮನಿಗೆ ಹೇಳಬೇಡಿ. ಮುಖದ ಮೇಲೆ ಬಟ್ಟೆ ಹೊದಿಸಿದ ಮೇಲೆ, ಎಚ್ಚರವಿದ್ದರೂ, ಯಾರ ಕೈ ಅಂತ ಅವಳಿಗೆ ತಿಳಿಯುವುದಿಲ್ಲ. ಅಕ್ಕನನ್ನು ಅವಳ ತಲೆಯ ಹತ್ತಿರ ನಿಲ್ಲಿಸಿಕೊಳ್ಳಿ, ಮುಗಿಯುವವರೆಗೆ ಅಕ್ಕ ಮಾತಾಡುತ್ತಿರಲಿ. ನೀವು ಮಾತ್ರ ಮಾತಾಡಬೇಡಿ.