ಶನಿವಾರದ ಜೋಡಿ

ಮಾರ್ಚ್ ೧೭, ಭಾನುವಾರ

ಪ್ರೀತಿಯ ಗೂಬೆ,

ಇವತ್ತು ಬೆಳಿಗ್ಗೆ ಅಮ್ಮ ಕಾಫಿ ಬೆರೆಸುತ್ತಾ, "ಸಕ್ಕರೆ ಎಷ್ಟು ಹಾಕಲಿ?" ಎಂದು ನನ್ನನ್ನು ಕೇಳಿದಳು. ಚಮಚ ಡಬ್ಬಿಯೊಳಗೇ ನಿಂತಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅವಳು ಈ ಪ್ರಶ್ನೆ ಕೇಳಿದ್ದೇ ಇಲ್ಲ.

ಹೇಗಿದ್ದೀಯ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ನೀನು ಕೇಳಿದ್ದು ಒಂದೇ ಮಾತು: ಬರುತ್ತೀಯೋ ಇಲ್ಲವೋ? ನಿಮ್ಮ ಮುದ್ರಣಾಲಯದ ಯಜಮಾನರು ಕರಡು ತಿದ್ದುವ ಕೆಲಸವನ್ನು ಈ ತಿಂಗಳ ಕೊನೆಯವರೆಗೆ ನನಗೆಂದು ಹಿಡಿದಿಟ್ಟಿದ್ದಾರೆ, ನಿನ್ನ ಕೋಣೆಯಲ್ಲಿ ಎರಡನೆಯ ಮಂಚವೂ ಕಾದಿದೆ. ನಾನು 'ಹೂಂ' ಎನ್ನುವುದಷ್ಟೇ ಬಾಕಿ. ಆದರೆ ಅಮ್ಮನಿಗೆ ಇನ್ನೂ ಹೇಳಿಲ್ಲ ಕಣೇ. ಯಾಕೆಂದು ತಿಳಿಯಬೇಕಾದರೆ ನಮ್ಮ ಶನಿವಾರದ ಆಟದ ಸುದ್ದಿ ಕೇಳಬೇಕು.

ಎದುರು ಮನೆಯ ಹಲ್ಲಿನ ಡಾಕ್ಟರ್ ಅಕ್ಕನ ನಡುಮನೆಯಲ್ಲಿ ಶನಿವಾರ ಸಂಜೆ ನಮ್ಮ ಕಟ್ಟಡದ ಕೆಲವರು ಸೇರುತ್ತೇವೆ. ಇಬ್ಬಿಬ್ಬರ ಜೋಡಿ. ಒಬ್ಬರು ಚೀಟಿಗಳ ಕಟ್ಟಿನಿಂದ ಒಂದನ್ನು ಎತ್ತಿ, ಅದರಲ್ಲಿರುವ ಪದವನ್ನು ಹೇಳದೆ ಬೇರೆ ಮಾತಿನಲ್ಲಿ ಸುಳಿವು ಕೊಡಬೇಕು. ಮರಳು ಗಡಿಯಾರದ ಮರಳು ಇಳಿಯುವುದರೊಳಗೆ ಜೊತೆಗಾರರು ಊಹಿಸಬೇಕು. ಮರಳು ಮುಗಿದ ಕೂಡಲೇ ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಮಾವ ತಮ್ಮ ಹಳೆಯ ಸೀಟಿ ಊದುತ್ತಾರೆ. ಊಹೆಗೆ ಸಿಗದ ಚೀಟಿಯನ್ನು ಯಾರಿಗೂ ತೋರಿಸದೆ ಕಟ್ಟಿನ ಅಡಿಗೆ ಸೇರಿಸುವುದು ನಮ್ಮಲ್ಲಿ ರೂಢಿ. ಮುಂದೊಂದು ದಿನ ಅದೇ ಮತ್ತೆ ಬರಬಹುದಲ್ಲ. ಕೊನೆಗೆ ಸೋತ ಜೋಡಿ ಕಟ್ಟನ್ನು ಮನೆಗೆ ಒಯ್ದು, ಅಂಚು ಹರಿದ ಚೀಟಿಗಳಿಗೆ ಅಂಟು ಹಾಕಿ ತರಬೇಕು.

ಆ ಕಟ್ಟು ನಮ್ಮ ಮನೆಗೆ ಬಂದದ್ದೇ ಇರಲಿಲ್ಲ. ಒಮ್ಮೆ ಅಮ್ಮ "ನಿನ್ನ ದೊಡ್ಡಪ್ಪ!" ಎಂದಳಷ್ಟೇ, ನಾನು "ಗೊರಕೆ!" ಎಂದೆ. ಅದೇ ಆಗಿತ್ತು. ನಾನು ಸುಳಿವು ಕೊಡುವಾಗ ಮಾತೇ ಬೇಡ, ಹುಬ್ಬೇರಿಸಿದರೆ ಸಾಕು. "ಏನ್ರೀ ಇದು, ತಾಯಿ ಮಗಳ ತಲೆಗೆ ಒಂದೇ ತಂತಿ ಎಳೆದಿದ್ದಾರಾ?" ಎಂದು ಗಾರ್ಡ್ ಮಾವ ರೇಗುತ್ತಾರೆ. ವಾರವಿಡೀ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂರುವ ಅಮ್ಮ, ಅಪ್ಪ ಹೋದ ಮೇಲೆ ಬಾಯ್ತುಂಬ ನಗುವುದನ್ನು ನಾನು ಕಂಡದ್ದು ಆ ನಡುಮನೆಯಲ್ಲಿ ಮಾತ್ರ.

ಆದರೆ ಆಟ ಅಲ್ಲಿಗೆ ಮುಗಿಯುವುದಿಲ್ಲ, ಮನೆಯಲ್ಲೂ ಅದೇ. "ಅಮ್ಮಾ, ನಾನು..." ಎಂದರೆ, "ತಲೆನೋವು ತಾನೇ? ಹೋಗಿ ಮಲ್ಕೋ." ಧೈರ್ಯ ಮಾಡಿ, "ಅಮ್ಮಾ, ಒಂದು ವಿಷಯ..." ಎಂದರೆ, "ಹೊಸ ಚಪ್ಪಲಿ ಅಲ್ವಾ? ಈ ತಿಂಗಳು ಬೇಡ ಕಣೇ." ನಾನು ಒಂದು ವಾಕ್ಯವನ್ನು ಪೂರ್ತಿ ಹೇಳಿ ಎಷ್ಟು ಕಾಲವಾಯಿತೋ! ಕಾಲೇಜಿನಲ್ಲಿ ನೀವೆಲ್ಲ ನನ್ನನ್ನು ಬಾಯಿಲ್ಲದವಳು ಎನ್ನುತ್ತಿದ್ದಿರಿ. ಬಾಯಿ ಇತ್ತು, ಅದರ ಕೆಲಸ ಅಮ್ಮ ಮಾಡುತ್ತಿದ್ದಳು.

ನಿನ್ನೆ ಆಟದ ನಡುವೆ ಡಾಕ್ಟರ್ ಅಕ್ಕ, "ಓದು ಮುಗೀತಲ್ಲ ಮರಿ, ಮುಂದೇನು?" ಎಂದು ನನ್ನನ್ನೇ ಕೇಳಿದರು. ಅಮ್ಮ ಎಂದಿನಂತೆ, "ಅವಳೆಲ್ಲಿ ಹೋಗ್ತಾಳೆ? ಇವಳಿಲ್ದೆ ನನಗೆ ಜೋಡಿ ಯಾರು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಯ ಸರದಿಗೆ ಅಂಕಗಳು ಸಮವಾಗಿದ್ದವು, ಈ ಚೀಟಿ ತಪ್ಪಿದರೆ ನಾವೇ ಸೋತಂತೆ. ಅಮ್ಮ ಚೀಟಿ ಎತ್ತಿದಳು. ಅದನ್ನು ನೋಡಿದಳು, ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಮರಳು ಅರ್ಧ ಇಳಿಯಿತು.

"ಏನ್ ಟೈಲರಮ್ಮಾ, ಗಾಡಿ ನಿಂತೇ ಹೋಯ್ತಾ?" ಎಂದರು ಗಾರ್ಡ್ ಮಾವ.

ಆಗ ಅಮ್ಮ ಮೆಲ್ಲಗೆ ಹೇಳಿದಳು: "ನೀನು ನನ್ನ ಹತ್ರ ಹೇಳದೇ ಇರೋದು."

'ಸುಳ್ಳು' ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂತು. ನನ್ನ ಮಗಳು ಸುಳ್ಳು ಹೇಳುವವಳಲ್ಲ ಎಂದು ಊರೆಲ್ಲ ಸಾರುವವಳಲ್ಲವೇ ಅವಳು! ಡಾಕ್ಟರ್ ಅಕ್ಕ ಎದುರು ಜೋಡಿಯವರಾಗಿದ್ದೂ, "ಅಯ್ಯೋ, ನನಗೇ ಗೊತ್ತಾಯ್ತಲ್ಲೇ!" ಎಂದು ಕುಣಿದರು. ನನ್ನಿಂದ ಆಗಲಿಲ್ಲ. ಅಷ್ಟು ದೊಡ್ಡದನ್ನು ಬಚ್ಚಿಟ್ಟುಕೊಂಡು, ಆ ಪದವನ್ನು ಕೂಗಿ ಹೇಗೆ ಗೆಲ್ಲಲಿ?

"ಹೇಳೇ," ಎಂದಳು ಅಮ್ಮ. "ನೀನು ನನ್ನ ಹತ್ರ ಹೇಳದೇ ಇರೋದು ಏನು?"

ಸೀಟಿ ಬಿತ್ತು. ಅಮ್ಮ ಚೀಟಿಯನ್ನು ಕಟ್ಟಿನ ಅಡಿಗೆ ತುರುಕಿ, "ಬಿಡಿ, ಮಗೂಗೆ ಸುಸ್ತಾಗಿದೆ," ಎಂದಳು. ಕಟ್ಟು ಹಿಡಿದು ಮನೆಗೆ ಬಂದೆವು. ಬೆಳಿಗ್ಗೆ ಎದ್ದು ಸಕ್ಕರೆಯ ಪ್ರಶ್ನೆ.

ಒಂದೇ ಒಂದು ಆಟ ಸೋತದ್ದಕ್ಕೆ ಇಷ್ಟು ಕುಗ್ಗಿದವಳನ್ನು ಬಿಟ್ಟು ಹೇಗೆ ಬರಲಿ, ಹೇಳು? ಯಜಮಾನರಿಗೆ ನನ್ನ ವಂದನೆ ತಿಳಿಸಿ, ಕೆಲಸವನ್ನು ಬೇರೆಯವರಿಗೆ ಕೊಡಲು ಹೇಳಿಬಿಡು. ನೀನು ಇರುಳೆಲ್ಲ ಓದಿ ಕಣ್ಣು ಕೆಡಿಸಿಕೊಳ್ಳಬೇಡ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಇಲಿಮರಿ

ಮರೆತ ಮಾತು: ಲಕೋಟೆಗೆಂದು ಅಂಟು ತೆಗೆದವಳು, ಹಾಗೇ ಚೀಟಿಗಳನ್ನೂ ಸರಿಮಾಡೋಣವೆಂದು ಕಟ್ಟು ಬಿಚ್ಚಿದೆ. ಎಲ್ಲಕ್ಕಿಂತ ಅಡಿಯಲ್ಲಿದ್ದ ಚೀಟಿಯ ಪದ 'ಛತ್ರಿ'. ನಿನ್ನೆ ಕೊನೆಗೆ ಅಡಿಗೆ ಹೋದದ್ದು ಅಮ್ಮ ತುರುಕಿದ ಚೀಟಿ, ಆಮೇಲೆ ಕಟ್ಟನ್ನು ಯಾರೂ ಬಿಚ್ಚಿರಲಿಲ್ಲ. ಹಾಗಾದರೆ ಅಮ್ಮನ ಕೈಯಲ್ಲಿದ್ದದ್ದು ಛತ್ರಿಯೇ. ಕೂಸಿಗೂ ತಿಳಿಯುವ ಹಾಗೆ ಹೇಳಬಹುದಾಗಿದ್ದ ಪದ.

ಅವಳು ಸುಳಿವು ಕೊಟ್ಟಿರಲಿಲ್ಲ ಕಣೇ, ಕೇಳಿದ್ದಳು. ಮನೆಯಲ್ಲಿ ಕೇಳಲಾರದೆ, ಅಷ್ಟು ಜನರ ನಡುವೆ, ಗೆಲ್ಲುವ ಆಟವನ್ನು ಕೈಯಾರೆ ಬಿಟ್ಟುಕೊಟ್ಟು, ಎರಡು ಸಲ ಕೇಳಿದ್ದಳು. ನಾನು ಎರಡು ಸಲವೂ ಸುಮ್ಮನೆ ಕೂತಿದ್ದೆ.

ಒಳಗೆ ಯಂತ್ರದ ಸದ್ದು ನಿಂತಿದೆ. ಈಗ ಹೋಗಿ ಅವಳ ಪಕ್ಕ ಕೂತು, ನಡುವೆ ಅವಳು ಏನೇ ಊಹಿಸಲಿ, ವಾಕ್ಯವನ್ನು ಪೂರ್ತಿ ಹೇಳುತ್ತೇನೆ. ಯಜಮಾನರಿಗೆ ಏನೂ ಹೇಳಬೇಡ. ಒಂದನೇ ತಾರೀಕಿಗೆ ಬರುತ್ತೇನೆ.