ನಡುಗದ ಗೆರೆ

ಮನೆಯಿಂದ,
ನವೆಂಬರ್ ಒಂಬತ್ತು, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಊರವರ ಪುಸ್ತಕಗಳಿಗೆಲ್ಲ ಪುಟ ಜೋಡಿಸುತ್ತೀಯ, ನನಗೊಂದು ಒಳ್ಳೆಯ ಕುರ್ಚಿ ಕೊಡಿ ಅಂತ ಪ್ರೆಸ್ಸಿನವರನ್ನು ಕೇಳಲು ಬಾಯಿಲ್ಲವೇ? ನಾನಂತೂ ಮೂವತ್ತೆಂಟು ವರ್ಷ ನಿಂತೇ ಕತ್ತರಿ ಆಡಿಸಿದವನು. ಕುರ್ಚಿ ಇರುವುದು ಗಿರಾಕಿಗೆ, ನಮಗಲ್ಲ ಅಂತ ನಂಬಿದ್ದವನು. ನೀನು ಹಾಗೆ ಮಾಡಬೇಡ, ಬೆನ್ನು ನೋಡಿಕೋ. ಇಲ್ಲಿ ನಾವಿಬ್ಬರೂ ಆರಾಮ. ಅಕ್ಷರ ನೋಡಿದ ಕೂಡಲೇ ಗೊತ್ತಾಗಿರುತ್ತದೆ, ಬಾಯಿ ನನ್ನದು, ಕೈ ನಿನ್ನ ಅಮ್ಮನದು. ಹೇಳಿದ್ದನ್ನು ಹೇಳಿದ ಹಾಗೆ ಬರೆ ಮಾರಾಯ್ತಿ ಅಂದರೆ ನಡುನಡುವೆ ತನ್ನದೂ ಒಂದು ಒಗ್ಗರಣೆ ಹಾಕುತ್ತಿದ್ದಾಳೆ. (ಹಾಕದೆ ಇದ್ರೆ ಈ ಕಾಗದ ಪೂರ್ತಿ ಬೈಗುಳಾನೇ ಆಗ್ತಿತ್ತು. — ಅಮ್ಮ)

ಮೂರು ವಾರದಿಂದ ನಿನ್ನ ಫೋನ್ ಎತ್ತಿಲ್ಲ. ಸ್ನಾನಕ್ಕೆ ಹೋಗಿದ್ದಾರೆ, ಮಲಗಿದ್ದಾರೆ ಅಂತ ಅಮ್ಮ ಹೇಳಿದ್ದೆಲ್ಲ ಸುಳ್ಳು. ಅವಳ ಪಕ್ಕದಲ್ಲೇ ಮುಖ ಗಂಟಿಕ್ಕಿಕೊಂಡು ಕೂತಿರುತ್ತಿದ್ದೆ. ಫೋನಿನಲ್ಲಿ ನನ್ನ ಸಿಟ್ಟು ಮಾತಿಗಿಂತ ಮುಂದೆ ಓಡುತ್ತದೆ, ಅದು ನಿನಗೂ ಗೊತ್ತು. ಅದಕ್ಕೇ ಈ ಕಾಗದ.

ಬಲಗೈ ನಡುಗಲು ಶುರುವಾಗಿ, ಅಂಗಡಿಯನ್ನು ನಿನ್ನ ಚಿಕ್ಕಪ್ಪನಿಗೆ ಬಿಟ್ಟು ನಾನು ಮನೆ ಹಿಡಿದಾಗ, ನಿನ್ನ ಹಳೆಯ ಟ್ಯಾಬನ್ನೂ ಅದರ ಪೆನ್ನನ್ನೂ ತಂದು ಮುಂದಿಟ್ಟವಳು ನೀನೇ. “ಕೈಗೆ ಕೆಲಸ ಕೊಡ್ಬೇಕಂತೆ ಅಪ್ಪ, ಇದ್ರಲ್ಲಿ ಚಿತ್ರ ಬರಿ” ಅಂದೆ. ಇಂಟರ್ನೆಟ್ಟಿನಲ್ಲಿ ಯಾರೋ ನಡೆಸುವ ವಾರದ ಚಿತ್ರ ಸವಾಲಿಗೆ ನನ್ನನ್ನೂ ಸೇರಿಸಿಬಿಟ್ಟೆ. ಸೋಮವಾರ ಒಂದು ಪದ ಕೊಡುತ್ತಾರೆ, ಭಾನುವಾರದೊಳಗೆ ಅದರ ಮೇಲೆ ನಗು ಬರುವ ಹಾಗೆ ಒಂದು ಚಿತ್ರ ಹಾಕಬೇಕು. ಬಹುಮಾನ ಗಿಹುಮಾನ ಏನೂ ಇಲ್ಲ. ಕ್ಷೌರದವನಿಗೂ ಚಿತ್ರಕ್ಕೂ ಎಲ್ಲಿಂದೆಲ್ಲಿಯ ನಂಟು ಅಂದುಕೊಂಡೆ. ಆದರೆ ಮುಖ ಬರೆಯಲು ಬಾರದಿದ್ದರೂ ಹಿಂದಲೆ ಬರೆಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ‘ಸಾಲು’ ಅನ್ನುವ ಪದ ಬಂದ ವಾರ ಬ್ಯಾಂಕಿನ ಕೌಂಟರಿನ ಮುಂದೆ ಒಂಬತ್ತು ಹಿಂದಲೆ ಬರೆದೆ. ಅದರಲ್ಲೊಬ್ಬ ಅರ್ಧ ಕಟಿಂಗ್ ಮಾಡಿಸಿಕೊಂಡು, ಕೊರಳಿನ ಬಟ್ಟೆಯನ್ನೂ ಬಿಚ್ಚದೆ ಓಡಿಬಂದಿದ್ದ. ‘ಪ್ರೇಮ’ ಅಂದಾಗ ಬೆಂಚಿನ ಮೇಲೊಂದು ಜೋಡಿ. ಹುಡುಗನ ತಲೆಯಲ್ಲಿ ಎರಡು ಸುಳಿ. ಇವನಿಗೆ ಎರಡು ಮದುವೆ ಗ್ಯಾರಂಟಿ ಅಂತ ಹುಡುಗಿ ಗಾಬರಿಯಿಂದ ಎಣಿಸುತ್ತಿದ್ದಾಳೆ. ಗುರುತಿಲ್ಲ ಪರಿಚಯವಿಲ್ಲ, ಅಲ್ಲಿಯ ಜನ ನನ್ನನ್ನು ಹಿಂದಲೆ ತಾತ ಅಂತ ಕರೆಯತೊಡಗಿದರು. ನಿಜ ಹೇಳುತ್ತೇನೆ, ಸೋಮವಾರ ಬಂತೆಂದರೆ ಹಬ್ಬ ಬಂದಷ್ಟು ಖುಷಿಯಾಗುತ್ತಿತ್ತು.

ಅದಕ್ಕಿಂತ ದೊಡ್ಡ ಖುಷಿ ಇನ್ನೊಂದಿತ್ತು. ನನ್ನ ಗೆರೆ ನಡುಗುತ್ತಿರಲಿಲ್ಲ! ಕಿವಿಯ ಸುತ್ತ ಪೆನ್ನು ತಿರುಗಿಸಿದರೆ ಮೂವತ್ತರ ವಯಸ್ಸಿನಲ್ಲಿ ಕತ್ತರಿ ತಿರುಗುತ್ತಿದ್ದ ಹಾಗೆ ನುಣ್ಣಗೆ ಬರುತ್ತಿತ್ತು. ಟೀ ಲೋಟ ಹಿಡಿದರೆ ಮಾತ್ರ ಅಂಗಿಯ ಮೇಲೆಲ್ಲ ಚೆಲ್ಲುತ್ತಿತ್ತು, ಅದಕ್ಕೆ ಲೋಟ ಬಿಸಿ ಅಂದೆ. ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಅದಕ್ಕೆ ದರ್ಜಿಯನ್ನು ಬೈದೆ. (ಪಾಪ, ಆ ದರ್ಜಿ ಈಗ್ಲೂ ನಮ್ಮನ್ನ ಕಂಡ್ರೆ ರಸ್ತೆ ದಾಟ್ತಾನೆ.) ಕೈ ಗುಣವಾಯಿತು ಅಂತ ಕಂಡಕಂಡವರಿಗೆಲ್ಲ ಟ್ಯಾಬ್ ತೋರಿಸಿದೆ. ನಿನ್ನ ಚಿಕ್ಕಪ್ಪನಿಗೆ “ಇನ್ನು ನೀನು ಬೇರೆ ದಾರಿ ನೋಡ್ಕೊಳಪ್ಪ” ಅಂದೆ. ಆ ಪುಣ್ಯಾತ್ಮ ತನ್ನ ಕತ್ತರಿ, ಬಾಚಣಿಗೆಗಳನ್ನು ಕಟ್ಟಿಕೊಂಡ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂಗಡಿಗೆ ವಾಪಸು ಹೋದ ದಿನ ಮೊದಲ ಗಿರಾಕಿ ಯಾರು ಗೊತ್ತೇ? ನಮ್ಮ ಪೋಸ್ಟ್‌ಮ್ಯಾನ್ ಮಾಮ, ನಿನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬೀದಿ ಸುತ್ತಿಸುತ್ತಿದ್ದವರು. “ನಿನ್ನ ಕೈಯಲ್ಲೇ ಆಗ್ಲಿ ಅಂತ ಎಂಟು ದಿನದಿಂದ ಗಡ್ಡ ಬಿಟ್ಟಿದ್ದೀನಿ ಕಣಯ್ಯ” ಅನ್ನುತ್ತಾ ಬಂದು ಕೂತರು. ನೊರೆ ಹಚ್ಚಿದೆ, ಚರ್ಮದ ಪಟ್ಟಿಯ ಮೇಲೆ ರೇಜರ್ ಮಸೆದೆ, ಕೆನ್ನೆಯ ಹತ್ತಿರ ತಂದೆ. ಕನ್ನಡಿಯಲ್ಲಿ ನೋಡುತ್ತೇನೆ, ರೇಜರ್ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿದೆ. ಅವರೂ ನೋಡಿದರು. ಎದ್ದು ಓಡಬೇಕಿತ್ತಲ್ಲ, ಓಡಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು “ಏನಾಗಲ್ಲ, ಹೊಡಿ” ಅಂದರು. ಹೊಡೆಯಲು ನನಗೆ ಧೈರ್ಯ ಬರಲಿಲ್ಲ ಗುಬ್ಬಿ. ನಿನ್ನ ಚಿಕ್ಕಪ್ಪ ಇನ್ನೂ ಬಾಗಿಲ ಹೊರಗೆ ಬೆಂಚಿನ ಮೇಲೇ ಕೂತಿದ್ದ. ಒಳಗೆ ಬಂದು ನನ್ನ ಕೈಯಿಂದ ರೇಜರ್ ತೆಗೆದುಕೊಂಡು “ನೀವು ಕೂತ್ಕೊಳ್ಳಿ ಅಣ್ಣ, ನೀರು ಕುಡೀರಿ” ಅಂದ. ಮಾಮನ ಗಡ್ಡವನ್ನು ಅವನೇ ಮುಗಿಸಿದ.

ಮನೆಗೆ ಬಂದು ಟ್ಯಾಬ್ ತೆಗೆದರೆ ಗೆರೆ ಮತ್ತೆ ನೆಟ್ಟಗೆ! ನನಗೇನು ಹುಚ್ಚು ಹಿಡಿಯಿತೇ ಅನ್ನಿಸಿತು. ಅಮ್ಮ ಕ್ಯಾಲೆಂಡರಿನ ಹಿಂಬದಿಯೊಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು “ಇದ್ರ ಮೇಲೆ ಬರೀರಿ ನೋಡೋಣ” ಅಂದಳು. ಬರೆದೆ. ಕೋಳಿ ಕೆದಕಿದ ಹಾಗಾಯಿತು. ಸವಾಲಿನ ಗುಂಪಿನಲ್ಲೇ ಕೇಳಿದೆ, ಕಾಗದದ ಮೇಲೆ ನಡುಗುವ ಕೈ ಇದರ ಮೇಲೆ ಯಾಕೆ ನಡುಗುವುದಿಲ್ಲ ಅಂತ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವ ಒಬ್ಬ ಹೆಣ್ಣುಮಗಳು ಎಲ್ಲೆಲ್ಲಿ ಒತ್ತಬೇಕು ಅಂತ ತಾಳ್ಮೆಯಿಂದ ಹೇಳಿದಳು. ಗೆರೆಯ ನಡುಕವನ್ನು ತಾನೇ ತಿದ್ದುವ ಸೆಟ್ಟಿಂಗ್ ಒಂದಿತ್ತು. ಅದರ ಮುಂದೆ ನೂರು ಅಂತ ಇತ್ತು. “ಅದು ತಾನಾಗೇ ಅಷ್ಟಕ್ಕೆ ಹೋಗಲ್ಲ ತಾತ, ಯಾರೋ ಇಟ್ಟಿದ್ದಾರೆ” ಅಂದಳು. ಯಾರಿಟ್ಟರು ಅಂತ ನಾನು ಜ್ಯೋತಿಷ್ಯ ಕೇಳಬೇಕಿತ್ತೇ?

ಅವತ್ತು ಬಂದ ಸಿಟ್ಟು ಹೇಳತೀರದು. ಹೆತ್ತ ಮಗಳೇ ನನ್ನ ಕಣ್ಣಿಗೆ ಮಣ್ಣೆರಚಿದಳು ಅನ್ನಿಸಿತು. ಆ ರೇಜರ್ ಒಂದು ಕೂದಲೆಳೆಯಷ್ಟು ಆಚೆ ಹೋಗಿದ್ದರೆ ಮಾಮನ ಗತಿ ಏನಾಗುತ್ತಿತ್ತು? ಅದಕ್ಕೇ ಫೋನ್ ಎತ್ತಲಿಲ್ಲ. (ಎತ್ತದೆ ಇದ್ದವರು ದಿನಾ ಹತ್ತು ಸಲ ‘ಅವಳು ಫೋನ್ ಮಾಡಿದ್ಲಾ’ ಅಂತ ಕೇಳ್ತಿದ್ರು, ಅದನ್ನೂ ಬರೆದಿದ್ದೀನಿ.) ಆಮೇಲೆ ಕೂತು ಯೋಚಿಸಿದೆ. ಮೊದಲ ದಿನವೇ ನನ್ನ ಗೆರೆ ಹಾಗೆ ಸೊಟ್ಟಗೆ ಹರಿದಿದ್ದರೆ ಪೆನ್ನು ಬಿಸಾಕಿ, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದೆ. ನನ್ನ ಗುಣ ನಿನಗೆ ಗೊತ್ತು. ನೀನು ಮಾಡಿದ್ದು ತಪ್ಪು, ಆದರೆ ಪ್ರೀತಿಯಿಂದ ಮಾಡಿದ ತಪ್ಪು. ಮಾತು ಬಿಟ್ಟ ನನ್ನದೂ ತಪ್ಪೇ. ಅಲ್ಲಿಗೆ ಸರಿಹೋಯಿತು, ಬಿಡು.

ಹೋದ ವಾರ ಕೊಟ್ಟ ಪದ ‘ಧೈರ್ಯ’. ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿದೆ. ಮೊದಲ ಸಲ ಮುಖ ಬರೆದೆ, ಕನ್ನಡಿಯಲ್ಲಿ ಕಂಡ ಹಾಗೆ. ಕುರ್ಚಿ, ಕನ್ನಡಿ, ನೊರೆಯ ಬಟ್ಟಲು, ನಾನು, ಎಲ್ಲ ಗಡಗಡ. ನಡುವೆ ಕಣ್ಣು ಮುಚ್ಚಿ, ಮೀಸೆ ನಿಮಿರಿಸಿಕೊಂಡು ಕೂತ ಮಾಮ. ಕೆಳಗೆ “ಏನಾಗಲ್ಲ, ಹೊಡಿ”. ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಈ ಗೆರೆಯ ನಡುಕ ಹೇಗೆ ತಂದಿರಿ ಅಂತ ಕೆಲವರು ಕೇಳಿದರು! ಮಾಮ ಅದರ ಪ್ರಿಂಟ್ ತೆಗೆಸಿ ಅಂಗಡಿಯಲ್ಲಿ ಅಂಟಿಸಿದ್ದಾರೆ. ಅಂಗಡಿಯ ಬೀಗದಕೈ ನಿನ್ನ ಚಿಕ್ಕಪ್ಪನಿಗೇ ಕೊಟ್ಟು ಕ್ಷಮೆ ಕೇಳಿದ್ದೇನೆ. ನಿನ್ನ ಅಮ್ಮ ಚಿತ್ರ ನೋಡಿ ನಕ್ಕಳು. (ನಕ್ಕೆ, ಆಮೇಲೆ ಅತ್ತೆ. ಬರೀಬೇಡ ಅಂದ್ರೂ ಬರೆದಿದ್ದೀನಿ.)

ಹೊತ್ತಿಗೆ ಸರಿಯಾಗಿ ಊಟ ಮಾಡು. ಕುರ್ಚಿಯ ವಿಷಯ ಮರೆಯಬೇಡ. ನೂರು ವರ್ಷ ಸುಖವಾಗಿ ಬಾಳು ಮಗಳೇ.

ನಿನ್ನ ಅಪ್ಪ
(ಮತ್ತು ಬರೆದು ಬರೆದು ಬೆರಳು ಸೋತ ಅಮ್ಮ)

ವಿ.ಸೂ.: ಇದು ನನ್ನದೇ ಕೈಬರಹ, ಕಷ್ಟಪಟ್ಟು ಓದಿಕೋ. ಅಮ್ಮ ಅಂಚೆಚೀಟಿ ತರಲು ಕೆಳಗೆ ಹೋಗಿದ್ದಾಳೆ. ಕೈ ತೋರಿಸಲು ಹೋದ ದಿನ ಡಾಕ್ಟರು ನನ್ನನ್ನು ಹೊರಗೆ ಕೂರಿಸಿದ ಮೇಲೆ ನೀನೊಬ್ಬಳೇ ಒಳಗೆ ಅರ್ಧ ಗಂಟೆ ಇದ್ದೆ. ಹೊರಗೆ ಬಂದವಳು “ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತೆ ಅಪ್ಪ” ಅಂದೆ. ಟ್ಯಾಬ್ ಕೊಟ್ಟದ್ದು ಅದೇ ಸಂಜೆ. ಈಗ ಎಂಟು ತಿಂಗಳಾಯಿತು, ಎಡಗೈಯ ಹೆಬ್ಬೆರಳೂ ನಡುಗಲು ಶುರುಮಾಡಿದೆ. ಅಮ್ಮನಿಗೆ ಹೇಳಿಲ್ಲ. ಡಾಕ್ಟರು ಅವತ್ತು ಏನಂದರೋ ಅದನ್ನೂ ಸೊನ್ನೆಗೆ ಇಳಿಸಿ, ಇದ್ದದ್ದು ಇದ್ದ ಹಾಗೆ ಹೇಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡು, ಅಮ್ಮ ಮಾರ್ಕೆಟ್ಟಿಗೆ ಹೋಗಿರುತ್ತಾಳೆ. ಖಂಡಿತ ಎತ್ತುತ್ತೇನೆ. ನೀನು ಅಳಬೇಡ, ನೀನು ಅತ್ತರೆ ನನಗೆ ಕೇಳಿಸಿಕೊಳ್ಳಲು ಆಗುವುದಿಲ್ಲ. ಅಮ್ಮನಿಗೆ ನಾನೇ ಹೇಳುತ್ತೇನೆ.