ಅಳಿವೆ ಬಾಗಿಲಿನ ಚಪ್ಪಟೆ ಗುಂಡಿ

ಗಂಗೊಳ್ಳಿ ಅಳಿವೆ, ೨೨೮೪ನೇ ಇಸವಿ, ಫೆಬ್ರವರಿ ಮೂವತ್ತು.

ನಮ್ಮ ಅಳಿವೆ ಬಾಗಿಲಿನ ತಂತ್ರಾಂಶವನ್ನು ಈಗಷ್ಟೇ ಬರೆಯಲು ಕುಳಿತಿರುವ ನಿಮಗೆ ಸೀತುವಿನ ನಮಸ್ಕಾರ. ಈ ತಾರೀಕು ನಿಮ್ಮಲ್ಲಿಲ್ಲ, ನಮ್ಮಲ್ಲಿ ಇದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಮಾತು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಬೀದಿಗಳೆಲ್ಲ ನೀರಿನ ಮೇಲಿನ ಹಲಗೆಗಳು, ತೇಲೋಣಿ ಎನ್ನುತ್ತೇವೆ. ಕಡಲು ಒಳಗೆ ಬಾರದಂತೆ ಎರಡು ಕಬ್ಬಿಣದ ಬಾಗಿಲು. ಇಳಿತದ ಹೊತ್ತಿಗೆ ಬಾಗಿಲನ್ನು ಮೇಲೆತ್ತಿ, ನನ್ನಣ್ಣ ಮಂಜಯ್ಯ ಅದರಡಿ ನುಸುಳಿ, ಬುಡಕ್ಕೆ ಕಚ್ಚಿದ ಚಿಪ್ಪು ಕೆರೆಯುತ್ತಾನೆ. ನಾನು ಪರದೆಯಲ್ಲಿ ‘ತಡೆ’ ಗುಂಡಿ ಒತ್ತಿದರೆ ಬಾಗಿಲು ಮೇಲೇ ನಿಲ್ಲುತ್ತದೆ. ಇನ್ನೊಮ್ಮೆ ಒತ್ತಿದರೆ ಇಳಿಯುತ್ತದೆ. ಅಷ್ಟೇ ಕೆಲಸ.

ಬಡಗಣ ಬಾಗಿಲಿನ ಕಿಟಕಿ ಪರದೆಯಲ್ಲಿ ಮೊದಲು ತೆರೆಯುತ್ತದೆ. ಅದು ಬೂದು ಬಣ್ಣದ್ದು, ಒತ್ತಿದ ಗುಂಡಿ ತಗ್ಗಿ ಕೂರುತ್ತದೆ, ಕಣ್ಣಿಗೆ ಸಮಾಧಾನ. ಆಮೇಲೆ ತೆರೆಯುವ ತೆಂಕಣ ಕಿಟಕಿ ಬೆಳ್ಳಗೆ ಚೆಂದ, ಆದರೆ ಗುಂಡಿ ಒತ್ತಿದರೂ ಚಪ್ಪಟೆ, ಒತ್ತದಿದ್ದರೂ ಚಪ್ಪಟೆ. ತಂತ್ರಾಂಶದ ಹಳೆ ಬರಹ ಓದಬಲ್ಲ ರುಕ್ಕು ಚಿಕ್ಕಮ್ಮ ಕಾರಣ ಹುಡುಕಿದಳು. ಹೊಸ ರೂಪ ತೊಡಿಸುವ ಸಾಲನ್ನು ನೀವು ಮೊದಲ ಕಿಟಕಿ ತೆರೆದ ಮೇಲೆ ಬರೆದಿದ್ದೀರಂತೆ. ಹಾಗಾಗಿ ಒಂದಕ್ಕೆ ಹಳೆ ಅಂಗಿ, ಇನ್ನೊಂದಕ್ಕೆ ಹೊಸದು. ಓದಲು ನಮಗೆ ಬರುತ್ತದೆ, ತಿದ್ದುವ ಕೀಲಿ ಮಾತ್ರ ನಿಮ್ಮ ಕಾಲದಲ್ಲೇ ಉಳಿದುಹೋಯಿತು.

ನಿನ್ನೆ ತೆಂಕಣ ಬಾಗಿಲಲ್ಲಿ ಒತ್ತಿದೆನೋ ಇಲ್ಲವೋ ಎಂದು ಅನುಮಾನ ಬಂತು. ಇನ್ನೊಮ್ಮೆ ಒತ್ತಿಬಿಟ್ಟೆ. ಬಾಗಿಲು ಜಾರಿತು. ಅಣ್ಣ ಹಾರಿಕೊಂಡ, ಹಿಮ್ಮಡಿಯ ಚರ್ಮ ಮಾತ್ರ ಹೋಯಿತು.

“ನನ್ ಕಾಲೂ ಚಿಪ್ಪ್ ಅಂದ್ಕಂಡ್ಯಾ ಮಾರಾಯ್ತಿ, ಕೆರ್ದೇ ಬಿಟ್ಯಲ್ಲೆ!” ಎಂದು ನಕ್ಕ.

“ನಾಳಿಂದ ಬೇರೆಯೋರ್ನ್ ಕೂರ್ಸ್ ಅಣ್ಣ, ನಂಗ್ ಹೆದ್ರಿಕಿ” ಎಂದೆ.

“ಹೆದ್ರುವರೇ ಸಮಾ ಕಾಂಬ್ದ್” ಎಂದ. ಹೆದರುವವರೇ ಸರಿಯಾಗಿ ಕಣ್ಣಿಟ್ಟು ನೋಡುತ್ತಾರಂತೆ. ಅವನಿಗೇನು, ನಗುತ್ತಾನೆ. ಗುಂಡಿ ಒತ್ತುವವಳು ನಾನು.

ಆದ್ದರಿಂದ ಕೈಮುಗಿದು ಕೇಳುತ್ತೇನೆ: ಮೊದಲ ಕಿಟಕಿ ತೆರೆಯುವುದಕ್ಕೂ ಮುಂಚೆ ರೂಪ ಗೊತ್ತುಮಾಡಿ. ಒತ್ತಿದ್ದು ತಗ್ಗಿ ಕಾಣುವ ರೂಪವನ್ನೇ ಎರಡಕ್ಕೂ ಕೊಡಿ. ಚೆಂದ ಕಡಿಮೆಯಾದರೆ ಆಗಲಿ. ನೀವು ತಿದ್ದಿದ ಕ್ಷಣವೇ ಇಲ್ಲಿ ಪರದೆ ಬದಲಾಗುತ್ತದೆ ಎಂದು ಚಿಕ್ಕಮ್ಮ ಹೇಳುತ್ತಾಳೆ. ಅದಕ್ಕೇ ಒಂದೊಂದು ಸಾಲಿಗೂ ಕತ್ತೆತ್ತಿ ನೋಡುತ್ತಿದ್ದೇನೆ.

ನೀರು ಇಳಿಯಿತು. ಅಣ್ಣ ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ತೆಂಕಣ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಿದ್ದಾನೆ. ಗುಂಡಿ ಒತ್ತಿದೆ. ಒತ್ತಿದೆ ಎಂದು ಇಲ್ಲಿ ಬರೆದೂ ಇಟ್ಟೆ.

ಅದು ಇನ್ನೂ ಚಪ್ಪಟೆಯೇ ಇದೆ.